ನನ್ನ ಅಕ್ಕನ ಹೆಸರಿನ ಕೆಳಗಿರುವ ಅಂಕವನ್ನು ಅಳಿಸಿ

ನದಿ ನೀರಿನ ಗುಣಮಟ್ಟದ ಉಸ್ತುವಾರಿ ಹೊತ್ತ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ತಾವು ಕಳುಹಿಸಿದ ಆಹ್ವಾನ ಪತ್ರಿಕೆ ತಲುಪಿತು. ದಪ್ಪ ಕಾಗದ, ಅಂಚಿನಲ್ಲಿ ನೀಲಿ ಅಲೆಗಳ ಚಿತ್ರ, ಕೊನೆಯಲ್ಲಿ ತಮ್ಮ ಸಹಿ. ಹಳೆಯ ಸೇತುವೆಯ ಪಕ್ಕ ನದಿಗೆ ಇಳಿಯುವ ಮೆಟ್ಟಿಲುಗಳಿಗೆ ತೀರಿಕೊಂಡ ನನ್ನ ಅಕ್ಕನ ಹೆಸರಿಡಲಾಗುವುದೆಂದೂ, ಅಲ್ಲಿ ಅವಳ ನೆನಪಿಗೆ ಕಲ್ಲೊಂದನ್ನು ನಿಲ್ಲಿಸಲಾಗಿದೆಯೆಂದೂ, ಆ ಕಲ್ಲಿನ ಮೇಲಿನ ಪರದೆಯನ್ನು ಕುಟುಂಬದವರ ಪರವಾಗಿ ನಾನು ಸರಿಸಬೇಕೆಂದೂ ತಿಳಿಸಿದ್ದೀರಿ. ಕಲ್ಲಿನ ಫೋಟೋವನ್ನೂ ಜೊತೆಗಿಟ್ಟಿದ್ದೀರಿ. ಮೇಲೆ ಅಕ್ಕನ ಹೆಸರು. ಅದರ ಕೆಳಗೆ ‘ನಮ್ಮ ನದಿ ನಿರ್ಮಲವೆಂದು ಸಾರಿದವರು’ ಎಂಬ ಸಾಲು. ಅದರ ಕೆಳಗೆ, ದೂರದಿಂದಲೂ ಕಾಣುವಷ್ಟು ದೊಡ್ಡದಾಗಿ, ೭.೨.

ನಾನು ಬರುವುದಿಲ್ಲ. ಆ ಅಂಕ ತಪ್ಪು. ಅದು ತಪ್ಪೆಂದು ಅಕ್ಕನೇ ತಮ್ಮ ಕೋಣೆಗೆ ಬಂದು, ತಮ್ಮ ಎದುರಿನ ಕುರ್ಚಿಯಲ್ಲಿ ಕೂತು ಹೇಳಿದ್ದಳು. ಪಕ್ಕದ ಕುರ್ಚಿಯಲ್ಲಿ ನಾನಿದ್ದೆ. ಮರೆತಿದ್ದರೆ ಮುಂದೆ ನೆನಪು ಮಾಡಿಕೊಡುತ್ತೇನೆ. ಅವಳು ಬದುಕಿದ್ದಷ್ಟು ದಿನ ಆ ಅಂಕ ಬರೀ ತಗಡಿನ ಫಲಕಗಳ ಮೇಲಿತ್ತು. ಅವಳು ಕಣ್ಣು ಮುಚ್ಚಿದ ಮೇಲೆ, ಇನ್ನು ತಕರಾರು ತೆಗೆಯುವವರು ಯಾರೂ ಇಲ್ಲವೆಂದು, ಕಲ್ಲಿಗೆ ಏರಿಸಿದ್ದೀರಿ. ಬದುಕಿದ್ದವರ ಬಾಯಿ ಮುಚ್ಚಿಸುವುದನ್ನು ಕಂಡಿದ್ದೆ. ಸತ್ತವಳ ಬಾಯಿಂದ ಸುಳ್ಳು ಹೇಳಿಸುವ ಜಾಣತನವನ್ನು ಈಗಷ್ಟೇ ಕಂಡೆ.

ಇದನ್ನು ತಮಗೊಬ್ಬರಿಗೇ ಬರೆಯಬಹುದಿತ್ತು. ಹಾಗೆ ಬರೆದಾಗಲೆಲ್ಲ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ ಬಂದಿದೆ. ಅಷ್ಟು ಹೊತ್ತು ಏನನ್ನು ಪರಿಶೀಲಿಸುತ್ತೀರೋ ದೇವರೇ ಬಲ್ಲ. ಆದ್ದರಿಂದ ಈ ಸಲ ಊರಿನವರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ. ಸಮಾರಂಭಕ್ಕೆ ಬರುವವರಿಗೆ ಏನಕ್ಕೆ ಚಪ್ಪಾಳೆ ತಟ್ಟುತ್ತಿದ್ದೇವೆಂಬುದು ತಿಳಿದಿರಲಿ.

ನಾನು ದರ್ಜಿ. ಸೇತುವೆಯಿಂದ ಎರಡು ಬೀದಿ ಆಚೆ ನನ್ನ ಅಂಗಡಿ. ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಮೂಲೆಯಲ್ಲಿ ಪರದೆ ಕಟ್ಟಿದ ಜಾಗ, ಅದರೊಳಗೆ ಗಿರಾಕಿಗಳು ಹೊಟ್ಟೆಯನ್ನು ಒಳಗೆಳೆದುಕೊಂಡು ನೋಡಿಕೊಳ್ಳುವ ಕನ್ನಡಿ. ನೀರಿನ ಶಾಸ್ತ್ರ ನನಗೆ ಗೊತ್ತಿಲ್ಲ. ಗೊತ್ತಿರುವ ಅಷ್ಟಿಷ್ಟು ಅಕ್ಕ ನನ್ನ ಬಟ್ಟೆ ಕತ್ತರಿಸುವ ಮೇಜಿನ ತುದಿಗೆ ಕೂತು ಹೇಳಿದ್ದು. ಅವಳು ಓದಿದವಳು. ನೀರಿನ ತಳದಲ್ಲಿ ಬದುಕುವ ಹುಳಹುಪ್ಪಟೆಗಳ ಮೇಲೆಯೇ ಪದವಿ ಪಡೆದವಳು. ತಮ್ಮ ಕಚೇರಿಯಲ್ಲಿ ಅವಳ ವಿಭಾಗಕ್ಕೆ ಬಾಗಿಲಗಲ ಉದ್ದದ ಹೆಸರಿತ್ತು. ಆದರೆ ಎಲ್ಲರೂ ಕರೆಯುತ್ತಿದ್ದದ್ದು ‘ಹುಳದ ಕೋಣೆ’ ಎಂದು, ಅವಳನ್ನು ‘ಹುಳದಮ್ಮ’ ಎಂದು. ನನಗೆ ಸಿಟ್ಟು ಬರುತ್ತಿತ್ತು. ಅವಳಿಗೆ ಬರುತ್ತಿರಲಿಲ್ಲ.

“ಅಮ್ಮ ಅಂತ ಸೇರಿಸ್ತಾರಲ್ಲ, ಬಿಡು. ಅಷ್ಟು ಮಕ್ಕಳು ಯಾರಿಗಿದಾವೆ?” ಎನ್ನುತ್ತಿದ್ದಳು.

ಅವಳಿಗೆ ಬಲೆ ಹೊಲಿದು ಕೊಡುತ್ತಿದ್ದವನು ನಾನು. ಕಚೇರಿಯಿಂದ ಬರುತ್ತಿದ್ದ ಬಲೆಗಳು ಒಂದು ಮಳೆಗಾಲಕ್ಕೇ ಹರಿದು ಚಿಂದಿಯಾಗುತ್ತಿದ್ದವು. ಉದ್ದನೆಯ ಮರದ ಹಿಡಿ, ಅದರ ತುದಿಗೆ ಕಬ್ಬಿಣದ ಚೌಕಟ್ಟು, ಚೌಕಟ್ಟಿಗೆ ಸಣ್ಣ ಕಣ್ಣಿನ ಜಾಲರಿ ಬಟ್ಟೆಯ ಚೀಲ. ಹೊಲಿಗೆಯ ಅಂಚು ಒಳಗಡೆ ಬರಬಾರದೆಂದು ಅವಳ ಕಟ್ಟಪ್ಪಣೆ. ಒಳಗೆ ಮಡಿಕೆ ಬಿಟ್ಟರೆ ಮರಿಗಳು ಅದರಲ್ಲಿ ಸಿಕ್ಕಿಕೊಂಡು ನಲುಗುತ್ತವೆ. ಹಾಗಾಗಿ ಅಂಚೆಲ್ಲ ಹೊರಗೆ. “ಯಾರಾದ್ರೂ ನೋಡಿದ್ರೆ ನನ್ನ ಕಸುಬಿನ ಮರ್ಯಾದೆ ಏನಾಗ್ಬೇಕು?” ಎಂದರೆ, “ಹುಳ ಯಾರ ಹತ್ರಾನೂ ಹೇಳಲ್ಲ, ಹಾಕು” ಎನ್ನುತ್ತಿದ್ದಳು.

ರಜೆಯ ದಿನ ಕೆಲವೊಮ್ಮೆ ನಾನೂ ಅವಳ ಜೊತೆ ನದಿಗೆ ಹೋದದ್ದುಂಟು. ತಾವು ಎಂದಾದರೂ ಹೋಗಿದ್ದೀರಾ? ಕೇಳುವುದು ತಪ್ಪೆಂದರೆ ಕ್ಷಮೆಯಿರಲಿ. ಅವಳು ಮೊಣಕಾಲು ಮುಳುಗುವಷ್ಟು ನೀರಿಗೆ ಇಳಿದು, ನೀರು ಹರಿದು ಹೋಗುವ ದಿಕ್ಕಿನಲ್ಲಿ ಬಲೆ ಹಿಡಿದು, ಅದರ ಮುಂದೆ ನಿಂತು, ಬೂಟುಗಾಲಿನಿಂದ ತಳದ ಕಲ್ಲುಗಳನ್ನು ಒದೆದು ಕದಡುತ್ತಿದ್ದಳು. ಕಲ್ಲಿನ ಅಡಿಯಲ್ಲಿ ಅಡಗಿದ್ದದ್ದೆಲ್ಲ ಸೆಳೆತಕ್ಕೆ ಸಿಕ್ಕಿ ಬಲೆಗೆ ಬರುತ್ತಿತ್ತು. ಮೂರು ನಿಮಿಷ ಹಾಗೆ ಒದೆಯುವುದು ನಿಯಮ. ದೂರದಿಂದ ನೋಡಿದವರಿಗೆ ನಡುವಯಸ್ಸಿನ ಹೆಂಗಸೊಬ್ಬಳು ನದಿಯ ಮೇಲೆ ಮುನಿಸಿಕೊಂಡು ಕಾಲು ಅಪ್ಪಳಿಸುತ್ತಿದ್ದಾಳೆ ಅನ್ನಿಸಬೇಕು. ಆಮೇಲೆ ದಡಕ್ಕೆ ಬಂದು ಬಲೆಯನ್ನು ಬಿಳಿಯ ಅಗಲ ತಟ್ಟೆಯೊಂದಕ್ಕೆ ಬೋರಲು ಹಾಕುತ್ತಿದ್ದಳು.

“ಬರೀ ಕಸ ಕಣೇ ಅಕ್ಕ.”

“ಸುಮ್ನೆ ನೋಡ್ತಾ ಇರು. ಬಾಯಿ ಮುಚ್ಚಿದ್ರೆ ಕಣ್ಣು ಕಾಣುತ್ತೆ.”

ನೀರು ತಿಳಿಯಾಗುವವರೆಗೆ ಕಾಯಬೇಕು. ಆಮೇಲೆ ಕಡ್ಡಿಯೆಂದುಕೊಂಡದ್ದು ಸರಿದಾಡುತ್ತದೆ. ಎಲೆಯ ಚೂರು ಎಂದುಕೊಂಡದ್ದು ಮೂರು ಬಾಲ ಅಲ್ಲಾಡಿಸುತ್ತದೆ. ಮರಳಿನ ಸಣ್ಣ ಕೊಳವೆಯೊಂದರಿಂದ ತಲೆ ಹೊರಬಂದು ಇಡೀ ಕೊಳವೆಯನ್ನೇ ಎಳೆದುಕೊಂಡು ಹೊರಡುತ್ತದೆ. ಆ ಕೊನೆಯವನನ್ನು ತೋರಿಸಿ ಅಕ್ಕ, “ಇವನು ನಿನ್ನ ಕಸುಬಿನವನು ಕಣೋ. ಬಾಯಿಂದ ದಾರ ತೆಗೆದು, ಒಂದೊಂದೇ ಮರಳು ಕಾಳು ಆರಿಸಿ, ತನ್ನ ಅಂಗಿ ತಾನೇ ಹೊಲ್ಕೋತಾನೆ” ಅಂದಿದ್ದಳು.

“ಹೇಳಿದ ದಿನಕ್ಕೆ ಮುಗಿಸ್ತಾನಾ?”

“ನಿನ್ನಷ್ಟು ಸುಳ್ಳು ಹೇಳಲ್ಲ.”

ಒಂದೊಂದು ಬಳಗಕ್ಕೂ ಒಂದೊಂದು ಅಂಕ. ಯಾವುದಕ್ಕೆ ಕೊಳಕು ನೀರನ್ನು ಸ್ವಲ್ಪವೂ ತಡೆಯಲಾಗದೋ ಅದಕ್ಕೆ ಹೆಚ್ಚು. ಎಂಥ ಗಲೀಜಿನಲ್ಲೂ ಬದುಕುವುದಕ್ಕೆ ಕಡಿಮೆ. ಕಲ್ಲುನೊಣ ಎಂದು ಅವಳು ಕರೆಯುತ್ತಿದ್ದ ಎರಡು ಬಾಲದ ಮರಿಗೆ ಹತ್ತಕ್ಕೆ ಹತ್ತು. ಕೆಸರಿನ ಕೆಂಪು ಹುಳಕ್ಕೆ ಎರಡು. ಸಿಕ್ಕ ಬಳಗಗಳ ಅಂಕಗಳನ್ನು ಕೂಡಿ ಸರಾಸರಿ ತೆಗೆದರೆ ಆ ಜಾಗದ ನೀರಿನ ಯೋಗ್ಯತೆ ತಿಳಿಯುತ್ತದೆ. ಎಣಿಸಿ ಮುಗಿದ ಮೇಲೆ ಎಲ್ಲವನ್ನೂ ತಂದ ಜಾಗಕ್ಕೇ ವಾಪಸ್ ಬಿಡುತ್ತಿದ್ದಳು, ತಟ್ಟೆಯನ್ನು ನೀರಿಗೆ ತಾಗಿಸಿ, ಮೆಲ್ಲಗೆ.

ತಾವು ಕೇಳಬಹುದು: ಇಷ್ಟೆಲ್ಲ ಪಾಡು ಯಾಕೆ, ಸೇತುವೆಯ ಕಂಬಕ್ಕೆ ಯಂತ್ರ ಕಟ್ಟಿಸಿಲ್ಲವೇ ಎಂದು. ಕಟ್ಟಿಸಿದ್ದೀರಿ. ನೀರಿನ ಬಿಸಿ, ಹುಳಿ, ಕದಡು, ಅದರಲ್ಲಿ ಕರಗಿದ ಆಮ್ಲಜನಕ, ಇಷ್ಟನ್ನು ಅದು ಹಗಲೂ ರಾತ್ರಿ ಅಳೆಯುತ್ತದೆ. ಎಲ್ಲ ಸರಿಯಿದ್ದರೆ ಹಸಿರು ದೀಪ ತೋರಿಸುತ್ತದೆ. ಅಕ್ಕನಿಗೆ ಆ ಯಂತ್ರದ ಮೇಲೆ ಹಗೆಯೇನೂ ಇರಲಿಲ್ಲ. “ಇರ್ಲಿ, ಬೇಕು. ಆದ್ರೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತೆ ಅದು” ಎನ್ನುತ್ತಿದ್ದಳು. ಯಾರೋ ವಿಷದ ಡಬ್ಬವನ್ನು ನದಿಗೆ ಸುರಿದರು ಅನ್ನಿ. ಆ ವಿಷದ ಬಗ್ಗೆ ಯಂತ್ರವನ್ನು ಯಾರೂ ಕೇಳಿಲ್ಲ, ಅದು ಹೇಳುವುದೂ ಇಲ್ಲ. ನೀರು ಹರಿದು ಹೋಗುತ್ತದೆ, ಮರುದಿನ ಬಾಟಲಿಯಲ್ಲಿ ಹಿಡಿದು ಪರೀಕ್ಷೆ ಮಾಡಿದರೂ ಏನೂ ಸಿಗುವುದಿಲ್ಲ. ಆದರೆ ತಳದ ಕಲ್ಲಿಗೆ ಅಂಟಿಕೊಂಡ ಮರಿ ವರ್ಷವಿಡೀ ಅಲ್ಲೇ ಇರಬೇಕು. ರಜೆ ಹಾಕಿ ಹೋಗುವಂತಿಲ್ಲ, ವರ್ಗಾವಣೆ ಕೇಳುವಂತಿಲ್ಲ. ಬಂದದ್ದನ್ನೆಲ್ಲ ಮೈಮೇಲೆ ಹಾಕಿಕೊಳ್ಳಬೇಕು. ಅದು ಇದೆಯೋ ಇಲ್ಲವೋ ಎಂದು ನೋಡಿದರೆ ನದಿಯ ಮೇಲೆ ಏನೇನು ನಡೆದಿದೆ ಎಂಬುದು ತಿಳಿಯುತ್ತದೆ. ಇದು ಹುಚ್ಚು ಹೆಂಗಸೊಬ್ಬಳ ಗೀಳಲ್ಲ. ತಮ್ಮದೇ ಕಚೇರಿ ಇದಕ್ಕಾಗಿಯೇ ಅವಳನ್ನು ಕೆಲಸಕ್ಕೆ ತೆಗೆದುಕೊಂಡಿತ್ತು.

ಸೇತುವೆಯ ಕೆಳಗಿನ ಅಂಕ ಅವಳ ಸೇವೆಯುದ್ದಕ್ಕೂ ನಾಲ್ಕರ ಆಸುಪಾಸಿನಲ್ಲೇ ತೆವಳುತ್ತಿತ್ತು. ಊರಿನ ಕೊಳಚೆ ಮೋರಿ ಅಲ್ಲಿಗೇ ಬಂದು ಬೀಳುತ್ತಿತ್ತು. ಅದನ್ನು ಬೇರೆಡೆಗೆ ತಿರುಗಿಸಲು ಅಕ್ಕ ಎಷ್ಟು ಕಚೇರಿಗಳ ಮೆಟ್ಟಿಲು ತುಳಿದಳೋ, ಎಷ್ಟು ಜನರ ಕೈಯಲ್ಲಿ ‘ಹುಳ ಎಣಿಸೋರಿಗೆ ಇದೆಲ್ಲ ಯಾಕೆ’ ಅನ್ನಿಸಿಕೊಂಡಳೋ. ಕಡೆಗೂ ಮೋರಿ ತಿರುಗಿತು. ಅಂದಿನಿಂದ ಅವಳು ಕಾಯತೊಡಗಿದಳು. ನೀರು ಸುಧಾರಿಸುತ್ತದೆ, ಮೇಲಿನ ಬೆಟ್ಟದ ತೊರೆಗಳಿಂದ ಕಲ್ಲುನೊಣಗಳು ಒಂದಲ್ಲ ಒಂದು ದಿನ ಸೇತುವೆಯ ಕೆಳಗೂ ಬಂದು ಮೊಟ್ಟೆಯಿಡುತ್ತವೆ ಎಂದು. ಮದುವೆಯಾದ ಮಗಳು ತವರಿಗೆ ಬರುವುದನ್ನು ಕಾದಂತೆ ಕಾದಳು. ಪ್ರತಿ ಸಲ ನದಿಗೆ ಹೋಗಿ ಬಂದಾಗಲೂ ನಾನು ಹುಬ್ಬೇರಿಸುವುದು, ಅವಳು ತಲೆಯಾಡಿಸುವುದು.

ಆ ದಿನ ಅಂಗಡಿಯಲ್ಲಿ ಗಿರಾಕಿಯೊಬ್ಬರ ಕೋಟಿಗೆ ಗುಂಡುಪಿನ್ನು ಚುಚ್ಚಿ ಅಳತೆ ನೋಡುತ್ತಿದ್ದೆ. ಅಕ್ಕ ಸೊಂಟದವರೆಗೆ ತೊಯ್ದುಕೊಂಡು, ಬೂಟು ಕೂಡ ಬಿಚ್ಚದೆ ಒಳಗೆ ನುಗ್ಗಿದಳು.

“ಬಂದ್ವು ಕಣೋ! ಬಂದ್ವು!”

“ಯಾರು?”

“ಯಾರು ಅಂತ ಬೇರೆ ಕೇಳ್ತೀಯಲ್ಲೋ ದಡ್ಡ!”

ನನ್ನ ಎರಡೂ ಕೈ ಹಿಡಿದು ಕುಣಿಸಿದಳು. ಗಿರಾಕಿ ಪಿನ್ನು ಚುಚ್ಚಿದ ಕೋಟಿನಲ್ಲೇ ಗೋಡೆಗೆ ಒತ್ತಿಕೊಂಡು ನಿಂತರು. ಒಳಗಿನಿಂದ ಚಹಾ ಹಿಡಿದು ಬಂದ ನನ್ನ ಹೆಂಡತಿಯನ್ನು ತಬ್ಬಿಕೊಂಡದ್ದಕ್ಕೆ ಚಹಾ ಅರ್ಧ ನೆಲಕ್ಕೆ. ನೆಲವೆಲ್ಲ ನದಿ ನೀರು, ಚಹಾ, ಕೆಸರು. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. ಒಂದೋ ಎರಡೋ ಅಲ್ಲವಂತೆ, ತಟ್ಟೆಯ ತುಂಬ ಕಲ್ಲುನೊಣದ ಮರಿಗಳಂತೆ. ಮೂರು ಬಾಲದವು, ಮರಳಂಗಿಯವು, ಬೆಟ್ಟದ ತೊರೆಯಲ್ಲಿ ಮಾತ್ರ ನೋಡಿದ್ದವೆಲ್ಲ ಇದ್ದವಂತೆ. ಅವು ತಟ್ಟೆಯಲ್ಲಿ ಕಾಲು ಬಡಿಯುತ್ತಿದ್ದ ರಭಸಕ್ಕೆ ಎಣಿಸಿ ಮುಗಿಸುವಷ್ಟರಲ್ಲಿ ಸಾಕುಸಾಕಾಯಿತಂತೆ. ಅಂಕ ಏಳು ದಶಮಾಂಶ ಎರಡು. ಅಂದೇ ಸಂಜೆ ಕಚೇರಿಗೆ ಹೋಗಿ ಸಹಿ ಮಾಡಿ ಬಂದಳು. ನನ್ನ ಅಕ್ಕ ಅಷ್ಟು ಸಂತೋಷಪಟ್ಟದ್ದನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ತಮ್ಮ ಸಂತೋಷವೇನು ಕಡಿಮೆಯಿತ್ತೇ? ಸೇತುವೆಯ ಎರಡೂ ತುದಿಗೆ ಫಲಕ ಬಂತು. ಪತ್ರಿಕೆಯಲ್ಲಿ ತಾವು ನದಿಯ ಕಡೆ ಕೈತೋರಿಸಿ ನಿಂತ ಚಿತ್ರ ಬಂತು. ಅದರ ಬೆನ್ನಿಗೇ ಆದೇಶವೂ ಬಂತು: ನದಿ ನಿರ್ಮಲವಾಗಿದೆ, ಗುರಿ ಸಾಧಿಸಲಾಗಿದೆ, ಆದ್ದರಿಂದ ಹುಳದ ಕೋಣೆಯ ಅಗತ್ಯ ಇನ್ನಿಲ್ಲ. ಜ್ವರ ಇಳಿಯಿತೆಂದು ವೈದ್ಯರನ್ನೇ ಊರು ಬಿಡಿಸಿದ ಹಾಗೆ. ಅಕ್ಕನಿಗೆ ಅವಧಿಗೆ ಮೊದಲೇ ನಿವೃತ್ತಿ ಕೊಟ್ಟಿರಿ, ಹೂಗುಚ್ಛ ಕೊಟ್ಟಿರಿ. ಅದಕ್ಕೂ ಅವಳು ಬೇಸರಿಸಲಿಲ್ಲ. “ಅವು ಬಂದ್ವಲ್ಲ, ನಾನು ಹೋದ್ರೇನು” ಎಂದು ನಕ್ಕಳು.

ಅದಾಗಿ ಕೆಲವೇ ದಿನ. ನಮ್ಮ ಮನೆಗೆ ಮಧ್ಯಾಹ್ನದ ಊಟಕ್ಕೆ ಬಂದಿದ್ದಳು. ನನ್ನ ಹೆಂಡತಿಗೆ ಆ ದಿನದ ಕತೆಯನ್ನು ಹತ್ತನೆಯ ಸಲವೋ ಹನ್ನೊಂದನೆಯ ಸಲವೋ ಹೇಳುತ್ತಿದ್ದಳು. ನನ್ನ ಹೆಂಡತಿ ಪ್ರತಿ ಸಲವೂ ಹೊಸದಾಗಿ ಕೇಳುವಂತೆ ಹೂಂಗುಟ್ಟುತ್ತಿದ್ದಳು.

“ಎಷ್ಟು ದೊಡ್ಡವಿದ್ವು ಅಂತೀಯ! ಉಗುರುದ್ದದ್ದು ಇತ್ತು, ಜೀರಿಗೆಯಷ್ಟಿದ್ದದ್ದು ಇತ್ತು, ಇನ್ನೇನು ರೆಕ್ಕೆ ಬರೋದಿತ್ತು ಅನ್ನೋದು ಇತ್ತು, ಈಗಷ್ಟೇ ಮೊಟ್ಟೆಯಿಂದ ಬಂದದ್ದು ಇತ್ತು, ಎಲ್ಲ ವಯಸ್ಸಿನವೂ…”

ಅಷ್ಟಕ್ಕೆ ನಿಂತಳು. ಚಮಚ ತಟ್ಟೆಗೆ ಇಳಿಯಿತು.

“ಅತ್ತಿಗೆ, ಯಾಕೆ? ಖಾರ ಆಯ್ತಾ?” ಎಂದಳು ನನ್ನ ಹೆಂಡತಿ.

ಅಕ್ಕ ಅವಳನ್ನು ನೋಡಲೇ ಇಲ್ಲ. ನನ್ನ ಕಡೆ ತಿರುಗಿದಳು. “ಎಲ್ಲ ವಯಸ್ಸಿನವೂ ಹೇಗಿರ್ತಾವೆ ಕಣೋ? ಹೊಸದಾಗಿ ಬಂದು ಮೊಟ್ಟೆ ಇಟ್ಟಿದ್ರೆ ಬರೀ ಸಣ್ಣವು ಇರ್ಬೇಕು. ಅದೂ ಬೆರಳೆಣಿಕೆಯಷ್ಟು.” ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಹೇಳಿದಳು: “ಮನೆ ಕಟ್ಟೋಕೆ ಬರೋರು ಹೀಗೆ ಮುದುಕರು ಮಕ್ಕಳು ಎಲ್ಲ ಒಟ್ಟಿಗೆ ಬರಲ್ಲ. ಮನೆ ಬಿಟ್ಟು ಓಡೋರು ಹೀಗೆ ಬರ್ತಾರೆ.”

ಊಟ ಅಲ್ಲಿಗೇ ಬಿಟ್ಟು ಎದ್ದಳು. ನನಗೆ ಆಗ ಪೂರ್ತಿ ಅರ್ಥವಾಗಲಿಲ್ಲ. ಬಲೆ ಹಿಡಿದು ನದಿಗೆ ಹೋಗುವ ದಾರಿಯಲ್ಲಿ ಹೇಳಿದಳು. ನೀರಿಗೆ ಕೀಟನಾಶಕದಂಥ ವಿಷ ಬಿದ್ದರೆ ತಳದ ಜೀವಿಗಳು ಹಿಡಿದ ಕಲ್ಲನ್ನು ಬಿಟ್ಟು ಹರಿವಿಗೆ ಬೀಳುತ್ತವಂತೆ, ಎಲ್ಲವೂ ಒಟ್ಟಿಗೆ. ಅವು ತೇಲಿಕೊಂಡು ಬರುವ ಹೊತ್ತಿಗೆ ಸರಿಯಾಗಿ ಕೆಳಗೆ ಯಾರಾದರೂ ಬಲೆ ಹಿಡಿದರೆ, ಬೆಟ್ಟದಿಂದ ಊರಿನವರೆಗಿನ ನದಿಯೆಲ್ಲ ಒಂದೇ ತಟ್ಟೆಯಲ್ಲಿ ಸಿಗುತ್ತದೆ. ಅಂಕ ಆಕಾಶಕ್ಕೇರುತ್ತದೆ. ಪುಸ್ತಕದಲ್ಲಿ ಅವಳು ಇದನ್ನು ಓದಿದ್ದಳು, ಹೊಸಬರಿಗೆ ಪಾಠ ಹೇಳಿದ್ದಳು. ಆದರೆ ವರ್ಷಗಟ್ಟಲೆ ಕಾದದ್ದು ಕಣ್ಣೆದುರು ಬಂದಾಗ ಪುಸ್ತಕ ಯಾರಿಗೆ ನೆನಪಾಗುತ್ತದೆ? ಹುಳಗಳನ್ನು ಅಷ್ಟು ಪ್ರೀತಿಸದ ಯಾರೇ ಆಗಿದ್ದರೂ ಈ ತಪ್ಪನ್ನು ಮಾಡುತ್ತಿರಲಿಲ್ಲ. ಅವಳು ಮಾಡಿದಳು.

ಸೇತುವೆಯ ಕೆಳಗೆ ಬಲೆ ಹಿಡಿದಳು. ಕಚೇರಿಯ ಬಲೆಯನ್ನು ತಮ್ಮವರು ವಾಪಸ್ ತೆಗೆದುಕೊಂಡಿದ್ದರು, ಇದು ರಿಪೇರಿಗೆಂದು ನನ್ನಲ್ಲಿ ಉಳಿದಿದ್ದದ್ದು. ತಟ್ಟೆಗೆ ಬೋರಲು ಹಾಕಿದಳು. ಇಬ್ಬರೂ ಬಗ್ಗಿ ನೋಡಿದೆವು. ಕಡ್ಡಿ ಕಡ್ಡಿಯಾಗಿಯೇ ಇತ್ತು, ಎಲೆ ಎಲೆಯಾಗಿಯೇ ಇತ್ತು. ಮರಳಿನ ಕೊಳವೆಗಳು ಬೇಕಾದಷ್ಟಿದ್ದವು. ಒಂದನ್ನು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ಒಳಗೆ ಯಾರೂ ಇರಲಿಲ್ಲ. ನೀರು ಮಾತ್ರ ಗಾಜಿನಷ್ಟು ತಿಳಿ.

ಅವಳು ಮೇಲಕ್ಕೆ ನಡೆಯತೊಡಗಿದಳು. ಅಲ್ಲಲ್ಲಿ ಇಳಿದು ಬಲೆ ಹಿಡಿಯುವುದು, ಖಾಲಿ ತಟ್ಟೆ ನೋಡುವುದು, ಮತ್ತೆ ನಡೆಯುವುದು. ಮರದ ದಿಮ್ಮಿಗಳ ಅಂಗಳವೊಂದಿದೆಯಲ್ಲ, ಊರಿನ ಮೇಲ್ಗಡೆ, ಬೆಟ್ಟದ ಬುಡದಲ್ಲಿ, ನದಿಗೆ ಬೆನ್ನು ಹಾಕಿಕೊಂಡು? ಅದರ ಕೆಳಗಿನವರೆಗೂ ಖಾಲಿ. ಅಂಗಳ ದಾಟಿ ಮೇಲೆ ಹೋಗಿ ಬಲೆ ಹಿಡಿದಾಗ ತಟ್ಟೆಯಲ್ಲಿ ಜೀವವಿತ್ತು. ಹುಳ ಎಣಿಸುವವರು ಅಪರಾಧದ ಜಾಗ ಹುಡುಕುವುದು ಹೀಗೆ. ಮರಕ್ಕೆ ಹುಳು ಹಿಡಿಯದಿರಲೆಂದು ದಿಮ್ಮಿಗಳನ್ನು ಔಷಧಿಯ ತೊಟ್ಟಿಯಲ್ಲಿ ಅದ್ದುತ್ತಾರೆ. ತೊಟ್ಟಿಯ ಅಂಚು ಬಿರುಕು ಬಿಟ್ಟಿತ್ತು. ಅಲ್ಲಿಂದ ನದಿಯವರೆಗೆ ಒದ್ದೆಯ ಗೆರೆಯೊಂದು ಹರಿದಿತ್ತು, ಬೇಲಿಯ ಹೊರಗೆ ನಿಂತವರಿಗೂ ಕಾಣುವಂತೆ. ಹುಳ ಕೊಲ್ಲುವ ಔಷಧಿ ಹುಳಗಳನ್ನೇ ಕೊಂದಿತ್ತು. ಅದಕ್ಕೆ ಮರದ ಹುಳ ಯಾವುದು, ನೀರಿನ ಹುಳ ಯಾವುದು ಎಂದು ಹೇಗೆ ಗೊತ್ತಾಗಬೇಕು? ತಮ್ಮ ಯಂತ್ರ ಅಷ್ಟೂ ದಿನ ಹಸಿರು ದೀಪ ಹಚ್ಚಿಕೊಂಡೇ ಇತ್ತು.

ಈಗ ತಮ್ಮ ಕೋಣೆಯ ವಿಷಯಕ್ಕೆ ಬರೋಣ. ಅಗಲವಾದ ಮೇಜು, ಅದರ ಮೇಲೆ ಗಾಜು, ಗಾಜಿನ ಮೇಲೆ ತಮಗೆ ಮಾತ್ರ ಇಟ್ಟಿದ್ದ ಬಾಟಲಿ ನೀರು. ಅಕ್ಕ ಎಲ್ಲವನ್ನೂ ಹೇಳಿದಳು. ತಾನು ತಪ್ಪಿದೆ ಎಂದು ಮೊದಲ ವಾಕ್ಯದಲ್ಲೇ ಹೇಳಿದಳು. ತಾವು ಪೆನ್ನಿನ ಮುಚ್ಚಳ ತೆಗೆಯುತ್ತಾ ಹಾಕುತ್ತಾ ಕೇಳಿದಿರಿ.

“ಸಹಿ ನಿಮ್ದೇ ಅಲ್ವಾ ಮೇಡಂ?”

“ನನ್ದೇ.”

“ಎಣಿಕೆ ತಪ್ಪಿದೆಯಾ?”

“ಎಣಿಕೆ ಸರಿಯಿದೆ ಸಾರ್. ಲೆಕ್ಕಾನೂ ಸರಿಯಿದೆ. ನಾನು ಅರ್ಥ ಮಾಡ್ಕೊಂಡಿದ್ದು ತಪ್ಪು.”

“ಅರ್ಥಕ್ಕೆ ನಮ್ಮಲ್ಲಿ ಕಾಲಂ ಇಲ್ಲ ಮೇಡಂ” ಎಂದು ತಾವು ನಕ್ಕಿರಿ. ಒಳ್ಳೆಯ ಮಾತು ಹೊಳೆದಾಗ ನಗು ಬರುವುದು ಸಹಜವೇ.

ಆಮೇಲೆ ನಿಯಮ ಹೇಳಿದಿರಿ. ಅಂಕವನ್ನು ತಿದ್ದುವ ಅಧಿಕಾರವಿರುವುದು ಹುಳದ ಕೋಣೆಗೆ ಮಾತ್ರ. ಹುಳದ ಕೋಣೆ ಈಗ ಇಲ್ಲ. ಯಾಕಿಲ್ಲ? ಆ ಅಂಕ ಬಂದದ್ದರಿಂದ. ನಿರ್ಮಲವೆಂದು ಘೋಷಿಸಿದ ಜಾಗದಲ್ಲಿ ಮುಂದಿನ ಮೌಲ್ಯಮಾಪನದವರೆಗೆ ಯಾರ ಅಂಗಳವನ್ನೂ ತಪಾಸಣೆ ಮಾಡುವಂತಿಲ್ಲ. ಮುಂದಿನ ಮೌಲ್ಯಮಾಪನ ಮಾಡುವವರು ಯಾರು? ಹುಳದ ಕೋಣೆಯವರು. ನಾನು ಬಟ್ಟೆ ಕತ್ತರಿಸಿ ಬದುಕುವವನು. ಇಷ್ಟು ಅಚ್ಚುಕಟ್ಟಾಗಿ ಎಲ್ಲ ಕಡೆಯಿಂದಲೂ ಹೊಲಿದು, ಕೈ ತೂರಿಸಲೂ ಜಾಗ ಬಿಡದ ಅಂಗಿಯನ್ನು ಎಲ್ಲೂ ಕಂಡಿಲ್ಲ.

ಎದ್ದು ಹೊರಡುವಾಗ ತಾವು ಅನುನಯದಿಂದ ಹೇಳಿದಿರಿ: “ಒಳ್ಳೆ ಹೆಸರು ಬಂದಿದೆ ಮೇಡಂ. ಈ ವಯಸ್ಸಲ್ಲಿ ಯಾಕೆ ಕೆಡಿಸ್ಕೋತೀರಿ?”

ಅಕ್ಕ ಬಾಗಿಲ ಹತ್ತಿರ ನಿಂತು ಅಂದಳು: “ನಾನು ಖುಷಿಯಲ್ಲಿ ಎಡವಿದೆ ಸಾರ್. ನೀವು ನೋಡ್ಕೊಂಡೇ ಎಡವ್ತಿದೀರಲ್ಲ.”

ಅವಳ ಕಾಯಿಲೆ ಅದಕ್ಕೂ ಮೊದಲೇ ಮೈಯೊಳಗಿತ್ತೆಂದು ವೈದ್ಯರು ಹೇಳಿದರು. ಅದನ್ನು ತಾವು ತಂದಿರಿ ಎಂದು ನಾನು ಹೇಳುವುದಿಲ್ಲ. ಸಿಟ್ಟಿನಲ್ಲಿ ಸುಳ್ಳು ಹೇಳಿದರೆ ಅವಳು ಒಪ್ಪುತ್ತಿರಲಿಲ್ಲ. ಆದರೆ ಆಸ್ಪತ್ರೆಯಲ್ಲಿ ಅವಳನ್ನು ಕಾಡಿದ್ದು ಹೊಟ್ಟೆಯೊಳಗಿನ ನೋವಲ್ಲ ಎಂಬುದನ್ನು ತಾವು ತಿಳಿಯಬೇಕು. ಆರು ಹಾಸಿಗೆಗಳ ವಾರ್ಡು, ಕಿಟಕಿಯ ಪಕ್ಕ ಅವಳದು. ನಾನು ಸ್ಟೂಲು ಎಳೆದುಕೊಂಡು ಕೂರುತ್ತಿದ್ದೆ. ಬೇರೆ ಏನೇ ಮಾತು ತೆಗೆದರೂ ಅಲ್ಲಿಗೇ ಬರುತ್ತಿದ್ದಳು.

“ತಟ್ಟೆಯಲ್ಲಿ ಕಾಲು ಬಡೀತಿದ್ವಲ್ಲ ಕಣೋ. ಎಷ್ಟು ಗೆಲುವಾಗಿವೆ ಅಂದ್ಕೊಂಡೆ. ಅದು ಸಂಕಟ. ವಿಷ ಏರಿದಾಗ ಹಾಗೆ ಬಡ್ಕೋತಾವೆ. ಅವು ಸಾಯ್ತಿದ್ವು, ನಾನು ಕುಣೀತಿದ್ದೆ.”

“ನಿಂಗೇನು ಗೊತ್ತಿತ್ತು ಅಕ್ಕ.”

“ನಂಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರ್ಬೇಕಿತ್ತು?”

ಅವಳ ಕೈ ಹಿಡಿದು ಕೂತಿದ್ದೆ. ವರ್ಷಗಟ್ಟಲೆ ತಣ್ಣೀರಿನಲ್ಲಿ ನೆನೆದು ಒರಟಾಗಿದ್ದ ಕೈ, ಅಷ್ಟು ಹೊತ್ತಿಗೆ ಮೆತ್ತಗಾಗಿ ಯಾರದೋ ಕೈಯಂತೆ ಅನ್ನಿಸುತ್ತಿತ್ತು. ಜೀವನಪೂರ್ತಿ ಅವುಗಳ ಪರವಾಗಿ ಮಾತಾಡಿದವಳು, ಅವು ಓಡಿಬಂದು ತನ್ನ ತಟ್ಟೆಗೇ ಬಿದ್ದ ದಿನ ಸಂಭ್ರಮಪಟ್ಟೆನಲ್ಲ ಎಂಬ ಸಂಕಟದಲ್ಲಿ ಹೋದಳು. ನನಗೆ ತಡೆಯಲಾಗದಿರುವುದು ಇದೇ. ಸಾವನ್ನು ಹೇಗೋ ಒಪ್ಪಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಕಣ್ಣು ತೆರೆದು, “ಆ ಅಂಕ ತೆಗೆಸ್ತೀಯೇನೋ?” ಎಂದು ಕೇಳಿದಳು.

“ತೆಗೆಸ್ತೀನಿ” ಅಂದೆ. ಕೋಟಿನ ಗುಂಡಿ ಬದಲಾಯಿಸಿ ಕೊಡುತ್ತೇನೆ ಎನ್ನುವಷ್ಟು ಸಲೀಸಾಗಿ ಅಂದುಬಿಟ್ಟೆ. ಅವಳು ನಂಬಿದಳು. ಮುಖದಲ್ಲಿ ಕಂಡಿತು.

ಸೇತುವೆಯ ಮೇಲೆ ದಿನವೂ ಗಾಳ ಹಾಕಿ ಕೂರುವ ಮುದುಕರೊಬ್ಬರಿದ್ದಾರೆ. ಮೊನ್ನೆ ಕೇಳಿದೆ. “ಮೀನು ಇದಾವಪ್ಪ. ಬರೀ ತಲೆ. ಮೈಯಲ್ಲಿ ಏನೂ ಇಲ್ಲ” ಎಂದು ಹಿಡಿದದ್ದನ್ನು ವಾಪಸ್ ನೀರಿಗೆ ಎಸೆದರು. ತಿನ್ನಲು ಏನಿದೆ ಅವಕ್ಕೆ? ಸಂಜೆ ಹೊತ್ತು ನೀರಿನ ಮೇಲೆ ನೊಣ ಹಿಡಿಯಲು ಹಾರಾಡುತ್ತಿದ್ದ ಹಕ್ಕಿಗಳೂ ಬರುತ್ತಿಲ್ಲ. ಫಲಕ ಓದಿದ ತಾಯಂದಿರು ಮಾತ್ರ ಮಕ್ಕಳನ್ನು ಕರೆತಂದು ಮೆಟ್ಟಿಲ ಮೇಲೆ ಕೂರಿಸಿ ಕಾಲು ಇಳಿಬಿಡಿಸುತ್ತಾರೆ. ಅಂಗಳದ ತೊಟ್ಟಿ ಅಲ್ಲೇ ಇದೆ. ಬಿರುಕೂ ಇದೆ, ಒದ್ದೆಯ ಗೆರೆಯೂ ಇದೆ. ಏಳು ದಶಮಾಂಶ ಎರಡು ಇರುವವರೆಗೆ ಅದನ್ನು ಯಾರೂ ಹೋಗಿ ನೋಡಬೇಕಾಗಿಲ್ಲ. ಅಂದರೆ ನನ್ನ ಅಕ್ಕನ ಹೆಸರು ಇವತ್ತು ಆ ತೊಟ್ಟಿಗೆ ಕಾವಲ ನಾಯಿಯಾಗಿ ನಿಂತಿದೆ. ಇದನ್ನೂ ಬರೆದಿದ್ದೇನೆ, ತಾವು ಓದಬೇಕೆಂದು.

ನಾನು ಕೇಳುವುದು ದೊಡ್ಡದೇನಲ್ಲ. ಪರದೆ ಸರಿಸುವ ಮೊದಲು, ಹುಳಗಳ ಓದು ಬಲ್ಲ ಯಾರನ್ನಾದರೂ ಬಲೆ ಕೊಟ್ಟು ಸೇತುವೆಯ ಕೆಳಗೆ ಇಳಿಸಿ. ಬಲೆ ಇಲ್ಲವೆಂದರೆ ನಾನು ಹೊಲಿದು ಕೊಡುತ್ತೇನೆ, ಅಂಚು ಹೊರಗೆ ಬರುವಂತೆ. ತಟ್ಟೆಯಲ್ಲಿ ಏನು ಕಾಣುತ್ತದೋ ಅದನ್ನೇ ಫಲಕದ ಮೇಲೆ ಬರೆಸಿ. ಏನೂ ಕಾಣದಿದ್ದರೆ ಸೊನ್ನೆ ಬರೆಸಿ. ಆ ಅಂಗಳದ ಬೇಲಿಯ ಒಳಗೆ ಒಬ್ಬರನ್ನಾದರೂ ಕಳುಹಿಸಿ. ಹುಳದ ಕೋಣೆಯ ಬೀಗ ತೆಗೆಯಿರಿ. ಮತ್ತು ಆ ಕಲ್ಲಿನಿಂದ ಅಂಕವನ್ನು ಅಳಿಸಿ. ತಪ್ಪು ಹೊಲಿಗೆಯನ್ನು ಬಿಚ್ಚುವುದರಲ್ಲಿ ಅವಮಾನವೇನೂ ಇಲ್ಲ, ನನ್ನ ಕಸುಬಿನಲ್ಲಿ ದಿನವೂ ಬಿಚ್ಚುತ್ತೇವೆ. ಕಲ್ಲಿಗೆ ಏನಾದರೂ ಬರೆಯಲೇಬೇಕೆಂದಿದ್ದರೆ, ಸಂತೋಷದಲ್ಲಿ ಒಮ್ಮೆ ತಪ್ಪಿದಳು, ತಪ್ಪಿದೆನೆಂದು ತಾನೇ ಬಂದು ಹೇಳಿದಳು ಎಂದು ಬರೆಸಿ. ಆಗ ಯಾರೂ ಕರೆಯದಿದ್ದರೂ ಬಂದು ಪರದೆ ಸರಿಸುತ್ತೇನೆ.

ಇದ್ಯಾವುದೂ ಆಗುವುದಿಲ್ಲ, ಅಂಕ ಉಳಿಯಲೇಬೇಕು ಎಂದಾದರೆ, ಅದರ ಮೇಲೆ ತಮ್ಮ ಹೆಸರನ್ನು ಕೆತ್ತಿಸಿಕೊಳ್ಳಿ. ಅಕ್ಕನ ಹೆಸರನ್ನು ನಮಗೆ ವಾಪಸ್ ಕೊಡಿ. ನಾವು ಮನೆಯಲ್ಲಿಟ್ಟುಕೊಳ್ಳುತ್ತೇವೆ.

ಇಂತಿ,
ಅವಳಿಗೆ ಕೊಟ್ಟ ಮಾತನ್ನು ಇನ್ನೂ ನಡೆಸಿಕೊಡಲಾಗದ,
ತಮ್ಮ ಆಹ್ವಾನ ಪತ್ರಿಕೆಯಲ್ಲಿ ‘ಕುಟುಂಬದವರು’ ಎಂದು ಅಚ್ಚಾಗಿರುವ ದರ್ಜಿ